ಯಂತ್ರದ ಕವಚದೊಳಗಿನ ಸಿಪಾಯಿ

ಟಾಮ್ ಕ್ರೂಸ್ ನಟಿಸಿದ ‘ಎಡ್ಜ್ ಆಫ್ ಟುಮಾರೊ’ ಸಿನಿಮಾವನ್ನು ನಮ್ಮ ಕಾಲೇಜಿನಲ್ಲಿ ತುಂಬಾ ಜನ ನೋಡಿದ್ದೀರಿ. 2014ರಲ್ಲಿ ಬಂದದ್ದು. ಮೈಗೆ ಲೋಹದ ಚೌಕಟ್ಟು ಬಿಗಿದುಕೊಂಡ ಸೈನಿಕರು ಆಕಾಶದಿಂದ ಕಡಲತೀರಕ್ಕೆ ಇಳಿದು ಬೇರೆ ಲೋಕದ ಜೀವಿಗಳ ಜೊತೆ ಕಾದಾಡುತ್ತಾರೆ. ನಾಯಕ ಸಾಯುತ್ತಾನೆ, ಹಿಂದಿನ ದಿನಕ್ಕೆ ಎಚ್ಚರಾಗುತ್ತಾನೆ, ಮತ್ತೆ ಸಾಯುತ್ತಾನೆ. ಜಪಾನಿನ ಹಿರೋಷಿ ಸಕುರಾಜಾಕ 2004ರಲ್ಲಿ ಬರೆದ ‘ಆಲ್ ಯೂ ನೀಡ್ ಈಸ್ ಕಿಲ್’ ಎಂಬ ಕಾದಂಬರಿಯನ್ನು ಆಧರಿಸಿದ ಚಿತ್ರ ಅದು. ಆ ಕಾದಂಬರಿಯ ಹಿಂದೆ ಇನ್ನೂ ಹಳೆಯ ಪುಸ್ತಕಗಳಿವೆ. ಸ್ವಾರಸ್ಯ ಏನೆಂದರೆ, ಅವು ಒಂದಕ್ಕೊಂದು ಜಗಳವಾಡುತ್ತಿವೆ. ಯಂತ್ರದ ಕವಚ ತೊಟ್ಟ ಸಿಪಾಯಿಗಳ ಕಥೆ ಎಲ್ಲಿಂದ ಬಂತು, ಆ ಜಗಳ ಯಾವುದರ ಬಗ್ಗೆ ಎಂದು ಇಲ್ಲಿ ಹೇಳುತ್ತೇನೆ.

ಮೊದಲು ಒಂದು ಪದದ ವಿಷಯ. ಕನ್ನಡದಲ್ಲಿ ನಾವು ‘ಅನ್ಯಗ್ರಹ ಜೀವಿ’ ಎನ್ನುತ್ತೇವೆ. ಉರ್ದುವಿನಲ್ಲಿ ಅದೇ ‘ಖಲಾಯಿ ಮಖ್ಲೂಕ್’. ಖಲಾ ಅಂದರೆ ಆಕಾಶದ ಶೂನ್ಯ, ಮಖ್ಲೂಕ್ ಅಂದರೆ ಸೃಷ್ಟಿಯಾದದ್ದು. ಕನ್ನಡದ ಪದದಲ್ಲಿ ‘ಅನ್ಯ’ ಇದೆ, ಉರ್ದುವಿನದರಲ್ಲಿ ಅದು ಇಲ್ಲ. ಮಖ್ಲೂಕ್ ಎನ್ನುವುದು ನಮಗೂ ಸಲ್ಲುವ ಮಾತು. ಇಂಗ್ಲಿಷಿನ ‘ಏಲಿಯನ್’ಗಾದರೆ ಬಾಹ್ಯಾಕಾಶಕ್ಕಿಂತ ಬಹಳ ಮುಂಚಿನಿಂದಲೂ ‘ಪರದೇಶದವನು’ ಎಂಬ ಅರ್ಥವಿದೆ, ಕಾನೂನಿನಲ್ಲಿ ಈಗಲೂ ಇದೆ. ಈ ಮೂರು ಪದಗಳನ್ನು ನೆನಪಿನಲ್ಲಿಟ್ಟುಕೊಂಡು ಮುಂದೆ ಓದಿ.

ಈ ಬಗೆಯ ಕಥೆಗಳಲ್ಲಿ ಯಂತ್ರದೊಳಗೆ ಮೊದಲು ಕೂತವರು ಮನುಷ್ಯರಲ್ಲ. 1898ರಲ್ಲಿ ಎಚ್.ಜಿ. ವೆಲ್ಸ್ ‘ದ ವಾರ್ ಆಫ್ ದ ವರ್ಲ್ಡ್ಸ್’ ಪ್ರಕಟಿಸಿದ. ಅದರಲ್ಲಿ ಮಂಗಳ ಗ್ರಹದವರು ಇಂಗ್ಲೆಂಡಿನಲ್ಲಿ ಇಳಿದು, ಮೂರು ಕಾಲಿನ ಎತ್ತರದ ನಡೆಯುವ ಯಂತ್ರಗಳಲ್ಲಿ ಕೂತು, ಬೆಂಕಿಯ ಕಿರಣದಿಂದ ಊರುಗಳನ್ನು ಸುಡುತ್ತಾರೆ. ಬ್ರಿಟಿಷರ ಕೈಯಲ್ಲಿ ಫಿರಂಗಿ, ಕುದುರೆ ಅಷ್ಟೇ. ವೆಲ್ಸ್ ಮೊದಲ ಅಧ್ಯಾಯದಲ್ಲೇ ಟಾಸ್ಮೇನಿಯಾದ ಮೂಲನಿವಾಸಿಗಳಿಗೆ ಯುರೋಪಿನವರು ಮಾಡಿದ್ದನ್ನು ಎತ್ತುತ್ತಾನೆ. ನಾವು ಅವರಿಗೆ ಮಾಡಿದ್ದನ್ನೇ ಮಂಗಳದವರು ನಮಗೆ ಮಾಡಿದರೆ ದೂರುವ ಬಾಯಿ ನಮಗಿದೆಯೇ ಎಂಬ ದಾಟಿ ಅವನದು. ವಿಕ್ಟೋರಿಯಾ ರಾಣಿ ಇನ್ನೂ ಬದುಕಿದ್ದಾಗ, ಅರ್ಧ ಜಗತ್ತು ತಮ್ಮದು ಎನ್ನುವ ಜನರಿಗೆ ಹೀಗೆ ಬರೆಯಲು ಧೈರ್ಯ ಬೇಕು.

ಆ ಯಂತ್ರವನ್ನು ಮನುಷ್ಯನ ಮೈಮೇಲೆ ಹೊಲಿದವನು ಅಮೆರಿಕದ ರಾಬರ್ಟ್ ಹೈನ್‌ಲೈನ್. ಅವನು 1929ರಲ್ಲಿ ನೌಕಾಪಡೆಯ ಅಕಾಡೆಮಿಯಿಂದ ಹೊರಬಂದ ಅಧಿಕಾರಿ. ಕ್ಷಯರೋಗ ಬಂದು 1934ರಲ್ಲಿ ನೌಕಾಪಡೆ ಬಿಡಬೇಕಾಯಿತು. 1959ರಲ್ಲಿ ಅವನ ‘ಸ್ಟಾರ್‌ಶಿಪ್ ಟ್ರೂಪರ್ಸ್’ ಬಂತು, ಮರುವರ್ಷ ಹ್ಯೂಗೊ ಪ್ರಶಸ್ತಿ ಪಡೆಯಿತು. ಜಾನಿ ರಿಕೊ ಎಂಬ ಹುಡುಗ ಶಾಲೆ ಮುಗಿಸಿ, ಶ್ರೀಮಂತ ವ್ಯಾಪಾರಿಯಾದ ಅಪ್ಪನ ಮಾತು ಮೀರಿ ಸೇನೆಗೆ ಸೇರುವ ಕಥೆ ಅದು. ಸೈನಿಕರನ್ನು ಒಬ್ಬೊಬ್ಬರನ್ನೇ ಮೊಟ್ಟೆಯಂಥ ಕೋಶದಲ್ಲಿಟ್ಟು ಅಂತರಿಕ್ಷ ನೌಕೆಯಿಂದ ಗ್ರಹದ ಮೇಲೆ ಉದುರಿಸುತ್ತಾರೆ. ಕೋಶ ಗಾಳಿಯಲ್ಲಿ ಉರಿದು ಸಿಪ್ಪೆ ಸಿಪ್ಪೆಯಾಗಿ ಕಳಚಿ, ಒಳಗಿಂದ ಕವಚಧಾರಿ ಹೊರಬರುತ್ತಾನೆ.

ಆ ಕವಚ ಕೆಲಸ ಮಾಡುವ ರೀತಿಯನ್ನು ಹೈನ್‌ಲೈನ್ ಇಂಜಿನಿಯರನಂತೆ ವಿವರಿಸುತ್ತಾನೆ, ಪುಸ್ತಕದಲ್ಲಿ ನನಗೆ ತುಂಬಾ ಹಿಡಿಸಿದ ಪುಟಗಳು ಅವೇ. ಕವಚದ ಒಳಮೈಯಲ್ಲಿ ನೂರಾರು ಒತ್ತಡದ ಸಂವೇದಕಗಳಿವೆ. ಸೈನಿಕ ಕೈ ಎತ್ತಲು ಹೋದರೆ ಅವನ ತೋಳು ಒಳಗೋಡೆಯನ್ನು ಒತ್ತುತ್ತದೆ. ಕವಚ ಅದನ್ನು ಗ್ರಹಿಸಿ, ಒತ್ತಡ ಇಲ್ಲವಾಗುವ ತನಕ ತನ್ನ ತೋಳನ್ನು ಅದೇ ಕಡೆಗೆ ಸರಿಸುತ್ತದೆ. ಕಾರಿನ ಪವರ್ ಸ್ಟೀರಿಂಗ್ ನೆನೆಸಿಕೊಳ್ಳಿ: ತಿರುಗಿಸುವವರು ನಾವೇ, ಬಲ ಯಂತ್ರದ್ದು. ಗುಂಡಿ ಒತ್ತಬೇಕಿಲ್ಲ, ಕವಚದ ಬಗ್ಗೆ ಯೋಚಿಸಲೂ ಬೇಕಿಲ್ಲ. ಬರೀ ನಡೆದರೆ ಅದು ನಡೆಯುತ್ತದೆ, ನೆಗೆದರೆ ಕಟ್ಟಡದ ಮೇಲಿಂದ ಹಾರುತ್ತದೆ. ಜಪಾನಿನಲ್ಲಿ ಈ ಪುಸ್ತಕದ ಅನುವಾದಕ್ಕೆ ಬರೆದ ಕವಚದ ಚಿತ್ರಗಳು 1979ರ ‘ಗುಂಡಂ’ ಎಂಬ ಪ್ರಸಿದ್ಧ ಅನಿಮೆಗೆ ಸ್ಫೂರ್ತಿಯಾದವು. ನಮ್ಮ ತರಗತಿಯಲ್ಲಿ ಅನಿಮೆ ನೋಡುವ ಗೆಳೆಯರು ಇದನ್ನು ಗಮನಿಸಬೇಕು.

ಈಗ ಆ ಪುಸ್ತಕದ ಮೊದಲ ಅಧ್ಯಾಯಕ್ಕೆ ಬರೋಣ. ‘ಅನ್ಯಗ್ರಹದವರ ದಾಳಿ’ ಎಂದು ನಿರೀಕ್ಷಿಸಿ ಪುಸ್ತಕ ತೆರೆದರೆ, ಆಕಾಶದಿಂದ ಇಳಿಯುತ್ತಿರುವವರು ಮನುಷ್ಯರು. ಕೆಳಗಿರುವುದು ಬೇರೊಂದು ಜನಾಂಗದ ನಗರ. ಅವರನ್ನು ಸೈನಿಕರು ‘ಸ್ಕಿನ್ನಿ’ಗಳು ಎಂದು ಅಡ್ಡಹೆಸರಿನಿಂದ ಕರೆಯುತ್ತಾರೆ, ಅಂದರೆ ಬಡಕಲರು. ಎಲ್ಲರನ್ನೂ ಕೊಲ್ಲಬೇಕೆಂಬ ಆಜ್ಞೆಯಿಲ್ಲ, ಹೆದರಿಸಿ ಬರಬೇಕು. ರಿಕೊ ಒಂದು ಗೋಡೆ ಕತ್ತರಿಸಿ ಒಳನುಗ್ಗುತ್ತಾನೆ. ಒಳಗೆ ಜನ ತುಂಬಿದ್ದಾರೆ. ಅದು ಅವರ ಪ್ರಾರ್ಥನಾ ಮಂದಿರವೋ ಛತ್ರವೋ ಅವನಿಗೆ ಗೊತ್ತಾಗುವುದಿಲ್ಲ. ಅಲ್ಲಿ ಅವನೊಂದು ಬಾಂಬ್ ಎಸೆದು ಹೊರಡುತ್ತಾನೆ. ಆ ಬಾಂಬ್ ಮಾತನಾಡುತ್ತದೆ! ತಾನು 30 ಸೆಕೆಂಡಿನ ಬಾಂಬ್ ಎಂದು ಸ್ಕಿನ್ನಿಗಳ ಭಾಷೆಯಲ್ಲೇ ಕೂಗಿ, ಒಂದೊಂದೇ ಸೆಕೆಂಡು ಇಳಿಸಿ ಎಣಿಸುತ್ತದೆ.

ಅದನ್ನು ಓದಿ ನಾನು ಪುಸ್ತಕ ಮುಚ್ಚಿಟ್ಟು ಸ್ವಲ್ಪ ಹೊತ್ತು ಸುಮ್ಮನಿದ್ದೆ. ಆ ಅಧ್ಯಾಯದಲ್ಲಿ ಸ್ಕಿನ್ನಿಗಳ ಭಾಷೆಯಲ್ಲಿ ಅವರಿಗೆ ಹೇಳಿದ ಮಾತು ಎಂದರೆ ಇದೊಂದೇ. ಅವರ ಭಾಷೆ ಬಲ್ಲವರು ಮನುಷ್ಯರ ಕಡೆ ಇದ್ದರು ಅನ್ನುವುದು ಇದರಿಂದಲೇ ಗೊತ್ತಾಗುತ್ತದೆ. ಕಲಿತದ್ದನ್ನು ಬಳಸಿದ್ದು ಬಾಂಬಿಗೆ. ಮುಂದೆ ಇದೇ ಸ್ಕಿನ್ನಿಗಳು ಶತ್ರುಪಕ್ಷ ಬಿಟ್ಟು ಮನುಷ್ಯರ ಕಡೆ ಬರುತ್ತಾರೆ, ಲೇಖಕ ಅದನ್ನು ಹೆಚ್ಚು ಮಾತಿಲ್ಲದೆ ದಾಟಿಸಿಬಿಡುತ್ತಾನೆ. ಉಳಿಯುವ ಮುಖ್ಯ ಶತ್ರು ಜೇಡದಂಥ ‘ಬಗ್’ಗಳು, ಅಂದರೆ ಹುಳುಗಳು. ಹುಳು ಎಂದು ಕರೆದ ಮೇಲೆ ಮಾತುಕತೆಯ ಪ್ರಶ್ನೆಯೇ ಬರುವುದಿಲ್ಲ.

ಇದೇ ಪುಸ್ತಕದಲ್ಲಿ ಇನ್ನೊಂದು ಭಾಷೆಯ ವಿಷಯವೂ ಇದೆ, ಅದಕ್ಕಾಗಿ ಹೈನ್‌ಲೈನ್‌ನನ್ನು ಮೆಚ್ಚಲೇಬೇಕು. ಇಡೀ ಕಥೆಯನ್ನು ‘ನಾನು’ ಎಂದು ಹೇಳುವ ಜಾನಿ ರಿಕೊನ ಮನೆಮಾತು ಟಾಗಲಾಗ್ ಎಂಬುದು ಪುಸ್ತಕ ಇನ್ನೇನು ಮುಗಿಯುವಾಗ ಒಂದು ಮಾಮೂಲಿ ಮಾತುಕತೆಯಲ್ಲಿ ತಿಳಿಯುತ್ತದೆ. ಅವನು ಫಿಲಿಪೀನ್ಸ್ ಮೂಲದ ಹುಡುಗ. 1959ರ ಅಮೆರಿಕನ್ ಓದುಗ ಅಲ್ಲಿಯವರೆಗೂ ತನ್ನಂಥ ಬಿಳಿಯ ಹುಡುಗನನ್ನು ಕಲ್ಪಿಸಿಕೊಂಡು ಬಂದಿರುತ್ತಾನೆ. ಮನೆಯಲ್ಲಿ ಒಂದು ಭಾಷೆ, ಹೊರಗೆ ಇನ್ನೊಂದು ಭಾಷೆ ಎಂಬುದು ನಮ್ಮ ಕಾಲೇಜಿನಲ್ಲಿ ಯಾರಿಗೂ ಹೊಸದಲ್ಲ. ‘ಎಷ್ಟು ಚೆನ್ನಾಗಿ ಕನ್ನಡ ಮಾತಾಡ್ತೀಯಲ್ಲ’ ಎಂದು ಬಸ್ಸಿನಲ್ಲಿ ಯಾರಾದರೂ ಹೊಗಳಿದಾಗ ಏನು ಉತ್ತರ ಕೊಡಬೇಕೆಂದು ನನಗೆ ಇವತ್ತಿಗೂ ತಿಳಿಯದು. ಇಲ್ಲೇ ಹುಟ್ಟಿ ಬೆಳೆದವರು ಬೇರೆ ಹೇಗೆ ಮಾತನಾಡಬೇಕು? ರಿಕೊನಿಗೆ ಆ ತೊಂದರೆ ಇಲ್ಲ. ಹೆಲ್ಮೆಟ್ ಒಳಗೆ ಮುಖ ಕಾಣುವುದಿಲ್ಲ, ಯಾರೂ ಹೊಗಳುವುದೂ ಇಲ್ಲ. 1997ರಲ್ಲಿ ಪಾಲ್ ವರ್ಹೋವೆನ್ ಇದನ್ನು ಸಿನಿಮಾ ಮಾಡಿದಾಗ ರಿಕೊನ ಪಾತ್ರಕ್ಕೆ ಬಿಳಿಯ ನಟ ಬಂದ, ಟಾಗಲಾಗ್ ಹೋಯಿತು, ಕವಚವೂ ಹೋಯಿತು. ವರ್ಹೋವೆನ್ ನಾಜಿಗಳು ಹಿಡಿದಿಟ್ಟಿದ್ದ ನೆದರ್‌ಲ್ಯಾಂಡ್ಸ್‌ನಲ್ಲಿ ಬಾಲ್ಯ ಕಳೆದವನು. ಪುಸ್ತಕದ ಯುದ್ಧಪ್ರೀತಿಯನ್ನು ಅಣಕಿಸಲೆಂದೇ ಅವನು ಚಿತ್ರ ಮಾಡಿದ. ಅಣಕ ಅರ್ಥವಾಗದೆ ಅದನ್ನು ನೇರ ಸಾಹಸಚಿತ್ರವೆಂದು ನೋಡಿದವರೂ ಬಹಳ.

ಅಣಕಿಸಲು ಕಾರಣವಿತ್ತು. ಹೈನ್‌ಲೈನ್‌ನ ಕಾಲ್ಪನಿಕ ದೇಶದಲ್ಲಿ ಸರ್ಕಾರಿ ಸೇವೆಯ ಅವಧಿ ಮುಗಿಸಿದವರಿಗೆ ಮಾತ್ರ ಮತದ ಹಕ್ಕು. ಉಳಿದವರು ದುಡಿಯಬಹುದು, ವ್ಯಾಪಾರ ಮಾಡಬಹುದು, ಶ್ರೀಮಂತರಾಗಬಹುದು, ಓಟು ಮಾತ್ರ ಇಲ್ಲ. ಪ್ರಾಣ ಪಣಕ್ಕಿಟ್ಟವನಿಗೇ ದೇಶದ ಹೊಣೆ ಗೊತ್ತು ಎಂಬುದು ವಾದ. ಕೇಳಲು ಚೆನ್ನಾಗಿದೆ. ಆದರೆ ನಮ್ಮ ಸಂವಿಧಾನದ 326ನೇ ವಿಧಿ 18 ತುಂಬಿದ ಪ್ರಜೆಗೆ ಮತ ಕೊಡುವಾಗ ನೀನು ಏನು ಸಾಬೀತು ಮಾಡಿದ್ದೀ ಎಂದು ಕೇಳುವುದಿಲ್ಲ. ಮುಂದಿನ ವರ್ಷ ನನ್ನ ಹೆಸರು ಮತದಾರರ ಪಟ್ಟಿಗೆ ಸೇರುತ್ತದೆ. ಅದಕ್ಕಾಗಿ ನಾನು ಯಾವ ಕವಚವನ್ನೂ ತೊಡಬೇಕಿಲ್ಲ. ಈ ಎರಡು ಏರ್ಪಾಡುಗಳಲ್ಲಿ ಯಾವುದು ಬೇಕೆಂದರೆ ನನ್ನ ಉತ್ತರ ಸ್ಪಷ್ಟ.

ಹೈನ್‌ಲೈನ್‌ಗೆ ನಿಜವಾದ ಉತ್ತರ ಬಂದದ್ದು ಯುದ್ಧದಿಂದ ಗಾಯಗೊಂಡು ಮರಳಿದ ಒಬ್ಬ ಸೈನಿಕನಿಂದ. ಜೋ ಹಾಲ್ಡ್‌ಮನ್ ಭೌತಶಾಸ್ತ್ರ, ಖಗೋಳಶಾಸ್ತ್ರ ಓದಿದವನು. 1967ರಲ್ಲಿ ಕಡ್ಡಾಯ ಸೇನಾಭರ್ತಿಯಲ್ಲಿ ಹೆಸರು ಬಂದು ವಿಯೆಟ್ನಾಂಗೆ ಹೋಗಬೇಕಾಯಿತು. 1974ರಲ್ಲಿ ಅವನ ‘ದ ಫಾರೆವರ್ ವಾರ್’ ಪ್ರಕಟವಾಯಿತು. ಇಲ್ಲೂ ಕವಚ ಇದೆ, ಅನ್ಯಗ್ರಹದ ಶತ್ರು ಇದೆ. ಆದರೆ ಇಲ್ಲಿನ ಕವಚ ತೊಟ್ಟವನನ್ನೇ ಕೊಲ್ಲಬಲ್ಲದು. ಪ್ಲೂಟೊದ ಆಚೆಗಿನ, ಅನಿಲಗಳೇ ಮಂಜುಗಡ್ಡೆಯಾಗಿರುವ ಒಂದು ಗ್ರಹದಲ್ಲಿ ತರಬೇತಿ ನಡೆಯುತ್ತದೆ. ಕವಚದ ಶಾಖ ಹೊರಹಾಕುವ ರೆಕ್ಕೆಗಳು ಬೆನ್ನಿನಲ್ಲಿವೆ. ಕಾಲು ಜಾರಿ ಬೆನ್ನ ಮೇಲೆ ಬಿದ್ದರೆ ಬಿಸಿ ರೆಕ್ಕೆ ಮಂಜಿಗೆ ತಾಗಿ ಸ್ಫೋಟ. ಶತ್ರುವಿನ ಮುಖ ನೋಡುವ ಮೊದಲೇ ಹಲವರು ಸತ್ತಿರುತ್ತಾರೆ. ಕೈಗೋ ಕಾಲಿಗೋ ಗಾಯವಾಗಿ ಗಾಳಿ ಸೋರಿದರೆ ಕವಚ ತಾನಾಗಿ ಆ ಭಾಗವನ್ನು ಕತ್ತರಿಸಿ ಮುಚ್ಚಿಬಿಡುತ್ತದೆ, ಉಳಿದ ಮೈ ಬದುಕಲಿ ಎಂದು. ಕರ್ಣ ಮೈಗಂಟಿದ ಕವಚವನ್ನು ಕತ್ತರಿಸಿ ಕೊಟ್ಟ ಕಥೆ ನಮಗೆಲ್ಲ ಗೊತ್ತು. ಇಲ್ಲಿ ಕವಚವೇ ಮೈ ಕತ್ತರಿಸುತ್ತದೆ.

ಇನ್ನು ಕಾಮರ್ಸ್ ವಿದ್ಯಾರ್ಥಿಗಳಿಗಾಗಿ ಒಂದು ಲೆಕ್ಕ. ಬೆಳಕಿನ ವೇಗದ ಹತ್ತಿರ ಹೋಗುವವರಿಗೆ ಕಾಲ ನಿಧಾನವಾಗುತ್ತದೆ ಎಂಬುದು ಐನ್‌ಸ್ಟೈನ್ ಸಿದ್ಧಾಂತ. ಬೆಳಕಿನ ವೇಗದ ಶೇ. 99ರಲ್ಲಿ ಸಾಗುವ ನೌಕೆಯಲ್ಲಿ ಒಂದು ವರ್ಷ ಕಳೆದರೆ ಭೂಮಿಯಲ್ಲಿ ಏಳು ವರ್ಷ ದಾಟಿರುತ್ತದೆ. (ಸೈನ್ಸ್ ವಿಭಾಗದವರು ಇದನ್ನು ನನಗಿಂತ ಚೆನ್ನಾಗಿ ವಿವರಿಸಬಲ್ಲರು, ಕೇಳಿ ನೋಡಿ.) ಕಾದಂಬರಿಯ ನಾಯಕ ಮ್ಯಾಂಡೆಲ್ಲಾ 1990ರ ದಶಕದ ಕೊನೆಗೆ ಹೊರಟು, ತನ್ನ ಲೆಕ್ಕದಲ್ಲಿ ಎರಡು ವರ್ಷ ಕಳೆದು ಮರಳಿದಾಗ ಭೂಮಿಯಲ್ಲಿ 2024. ಅಷ್ಟೂ ವರ್ಷದ ಸಂಬಳ ಬ್ಯಾಂಕಿನಲ್ಲಿ ಚಕ್ರಬಡ್ಡಿಯೊಂದಿಗೆ ಬೆಳೆದು ಕೂತಿರುತ್ತದೆ. ನಾವೇ ಹಾಕಿ ನೋಡೋಣ: ₹10,000ವನ್ನು ಶೇ. 6ರ ದರದಲ್ಲಿ 27 ವರ್ಷ ಇಟ್ಟರೆ ಸರಳ ಬಡ್ಡಿಯಲ್ಲಿ ₹26,200, ಚಕ್ರಬಡ್ಡಿಯಲ್ಲಿ ಸುಮಾರು ₹48,223. ಕಥೆಯ ಯುದ್ಧ ಒಟ್ಟು 1143 ವರ್ಷ ನಡೆಯುತ್ತದೆ. ಅಷ್ಟು ವರ್ಷಕ್ಕೆ ಅದೇ ಹಣ ಎಷ್ಟಾಗುತ್ತದೆ ಎಂದು ನೋಡಲು ಹೋದರೆ ನನ್ನ ಸಾದಾ ಕ್ಯಾಲ್ಕುಲೇಟರ್ ಕೈಚೆಲ್ಲಿತು. ಲಾಗರಿದಂ ಹಾಕಿದರೆ 33 ಅಂಕಿಗಳ ಮೊತ್ತ ಬರುತ್ತದೆ. ಅಷ್ಟು ಹಣಕ್ಕೆ ಸಿಗುವ ಸರಕು ಈ ಭೂಮಿಯಲ್ಲೇ ಇಲ್ಲ.

ಹಾಲ್ಡ್‌ಮನ್‌ಗೂ ಇದು ಗೊತ್ತಿತ್ತು. ಮರಳಿ ಬಂದ ಮ್ಯಾಂಡೆಲ್ಲಾನ ಬಳಿ ದುಡ್ಡಿದೆ, ಆದರೆ ಅವನು ಬಿಟ್ಟುಹೋದ ದುಡ್ಡಿನ ವ್ಯವಸ್ಥೆಯೇ ಇಲ್ಲ. ಆಹಾರದ ಕೊರತೆಯಿಂದ ಇಡೀ ಜಗತ್ತಿನ ನಾಣ್ಯ ಈಗ ಕ್ಯಾಲೊರಿ! ತಾಯಿ ಮುದುಕಿಯಾಗಿದ್ದಾಳೆ. ವಯಸ್ಸು ದಾಟಿದವರಲ್ಲಿ ಯಾರಿಗೆ ಚಿಕಿತ್ಸೆ, ಯಾರಿಗೆ ಇಲ್ಲ ಎಂದು ಸರ್ಕಾರ ಅಂಕ ಕೊಟ್ಟು ನಿರ್ಧರಿಸುತ್ತದೆ, ಅವಳಿಗೆ ಸಿಕ್ಕಿರುವುದು ಸೊನ್ನೆ. ಮಗನ ಅಷ್ಟು ದೊಡ್ಡ ಬಾಕಿ ಸಂಬಳವೂ ಅವಳನ್ನು ಉಳಿಸುವುದಿಲ್ಲ. ಈ ಭಾಗ ತೀರಾ ನಿರಾಶೆಯದ್ದಾಯಿತು ಎಂದು ಮೊದಲು ಇದನ್ನು ಪ್ರಕಟಿಸಿದ ‘ಅನಲಾಗ್’ ಪತ್ರಿಕೆಯ ಸಂಪಾದಕ ಬೇರೆ ಬರೆಸಿದ್ದ. ಈಗ ಸಿಗುವ ಆವೃತ್ತಿಗಳಲ್ಲಿ ಮೂಲ ಭಾಗ ಇದೆ. ನಮ್ಮ ಬೀದಿಗಳಲ್ಲೂ ಗಲ್ಫ್‌ಗೆ ಹೋಗಿ ವರ್ಷಗಟ್ಟಲೆ ದುಡಿದು ಬಂದವರಿದ್ದಾರೆ. ಕಳಿಸಿದ ಹಣದಿಂದ ಮನೆ ಎದ್ದಿರುತ್ತದೆ, ಬಿಟ್ಟುಹೋದ ಮಕ್ಕಳು ತಮ್ಮಷ್ಟೇ ಎತ್ತರವಾಗಿರುತ್ತಾರೆ. ಅಂಥ ಮನೆಯವರಿಗೆ ಈ ಅಧ್ಯಾಯ ವೈಜ್ಞಾನಿಕ ಕಥೆ ಅನ್ನಿಸಲಾರದು. ಹಾಲ್ಡ್‌ಮನ್ ಬರೆದದ್ದು ವಿಯೆಟ್ನಾಂನಿಂದ ಮರಳಿದವರ ಪಾಡನ್ನು. ಅವರಿಗೆ ಕಳೆದದ್ದು ಒಂದೆರಡು ವರ್ಷ, ಅಷ್ಟರಲ್ಲಿ ಊರು ಗುರುತು ಸಿಗದಷ್ಟು ಬದಲಾಗಿತ್ತು.

ಮುಂದಿನ ಪ್ಯಾರಾದಲ್ಲಿ ಕಥೆಯ ಕೊನೆ ಇದೆ. ಓದುವ ಆಸೆಯಿರುವವರು ಅದನ್ನು ಬಿಟ್ಟು ಮುಂದೆ ಹೋಗಿ.

1143 ವರ್ಷಗಳ ಯುದ್ಧ ಶುರುವಾದದ್ದೇ ಸುಳ್ಳಿನಿಂದ. ಕಾಣೆಯಾದ ನೌಕೆಗಳಿಗೆ ಶತ್ರುಗಳಾದ ಟಾರನ್‌ಗಳೇ ಕಾರಣ ಎಂದು ಹೇಳಲಾಗಿತ್ತು, ಅದು ನಿಜವಲ್ಲ. ಅಷ್ಟು ಕಾಲ ಮುಂದುವರಿದದ್ದು ಎರಡು ಜನಾಂಗಗಳಿಗೂ ಮಾತನಾಡಲು ಬಾರದೇ ಇದ್ದದ್ದರಿಂದ. ಟಾರನ್‌ಗಳು ಎಲ್ಲರೂ ಒಬ್ಬರೇ ಎಂಬಂತೆ ಬದುಕುವವರು, ಬಿಡಿ ವ್ಯಕ್ತಿ ಎಂಬ ಕಲ್ಪನೆಯೇ ಅವರಿಗಿಲ್ಲ. ಮನುಷ್ಯರೂ ಒಂದು ದಿನ ತಮ್ಮದೇ ಪ್ರತಿಗಳನ್ನು ಮಾಡಿಕೊಂಡು ಅಂಥವರೇ ಆದ ಮೇಲೆ ಮಾತು ಸಾಧ್ಯವಾಯಿತು, ಯುದ್ಧ ನಿಂತಿತು. ಮೊದಲ ಕಾಳಗಕ್ಕೆ ಇಳಿಯುವ ಮುನ್ನ ಮ್ಯಾಂಡೆಲ್ಲಾ ಮತ್ತು ಅವನ ಜೊತೆಗಾರರ ಮನಸ್ಸಿನಲ್ಲಿ ಸಂಮೋಹನದ ಮೂಲಕ ಟಾರನ್‌ಗಳ ಬಗ್ಗೆ ದ್ವೇಷ ತುಂಬಲಾಗಿತ್ತು. ಕವಚಕ್ಕಿಂತ ಮೊದಲು ತೊಡಿಸಿದ್ದು ಅದನ್ನು.

ಹಾಗಾದರೆ ಸಕುರಾಜಾಕ ಎಲ್ಲಿ ನಿಲ್ಲುತ್ತಾನೆ? ಅವನ ಸೈನಿಕ ಕೇಜಿ ಕಿರಿಯ ತೊಡುವ ಕವಚಕ್ಕೆ ‘ಜಾಕೆಟ್’ ಎಂದು ಹೆಸರು. ಅಲ್ಲಿ ನಿಜವಾದ ದಾಳಿಕೋರರು ಬಂದೇ ಇಲ್ಲ. ದೂರದ ಒಂದು ನಾಗರಿಕತೆ ತನ್ನ ವಾಸಕ್ಕೆ ಜಾಗ ಹದಗೊಳಿಸಲು ಯಂತ್ರಗಳನ್ನು ಮೊದಲೇ ಕಳಿಸಿದೆ. ಅಲ್ಲಿ ಯಾರಾದರೂ ವಾಸವಿರಬಹುದು ಎಂಬುದು ಅವರಿಗೆ ಹೊಳೆಯದೇ ಇರಲಿಲ್ಲ, ಆದರೂ ಕಳಿಸಿದರು. ಲೇಔಟ್ ಮಾಡಲು ಜೆಸಿಬಿ ಕಳಿಸುವವನು ಇರುವೆಗಳ ಜೊತೆ ಮಾತಾಡುತ್ತಾನೆಯೇ? ಸಿನಿಮಾದಲ್ಲಿ ಈ ವಿಚಾರ ಇಲ್ಲ. ಸಿನಿಮಾ ಮಜವಾಗಿದೆ, ಪುಸ್ತಕ ಅದಕ್ಕಿಂತ ಖಾರವಾಗಿದೆ.

ಇಂಥ ಕವಚ ನಿಜಕ್ಕೂ ಸಾಧ್ಯವೇ ಎಂದು ಗೆಳೆಯರು ಕೇಳುತ್ತಾರೆ. ಪ್ರಯತ್ನ ನಡೆದಿದೆ. 1960ರ ದಶಕದಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿ ‘ಹಾರ್ಡಿಮನ್’ ಎಂಬ ಯಂತ್ರದುಡುಪು ಕಟ್ಟಿತು. ಅದರ ತೂಕವೇ ಸುಮಾರು 680 ಕಿಲೊ. ಒಂದು ತೋಳು ಕೆಲಸ ಮಾಡಿತು, ಇಡೀ ಯಂತ್ರ ಚಾಲೂ ಮಾಡಿದಾಗ ಹತೋಟಿ ತಪ್ಪಿ ಒದರಾಡಿತು. ಒಳಗೆ ಮನುಷ್ಯನನ್ನು ನಿಲ್ಲಿಸಿ ಅದನ್ನು ಓಡಿಸುವ ಧೈರ್ಯ ಯಾರೂ ಮಾಡಲಿಲ್ಲ. 2013ರಲ್ಲಿ ಅಮೆರಿಕದ ವಿಶೇಷ ಪಡೆಗಳು ‘ಟಾಲೋಸ್’ ಯೋಜನೆ ಶುರು ಮಾಡಿದವು, ಪತ್ರಿಕೆಗಳು ಅದನ್ನು ಐರನ್ ಮ್ಯಾನ್ ಉಡುಪು ಎಂದು ಕರೆದವು. 2019ರಲ್ಲಿ ಪೂರ್ತಿ ಉಡುಪು ಕೈಗೂಡದೆಯೇ ಅದು ಮುಗಿಯಿತು. ದೊಡ್ಡ ತೊಡಕು ಶಕ್ತಿಯದು. ಇಷ್ಟು ಭಾರ ಓಡಿಸುವ ಬ್ಯಾಟರಿಯೇ ಇನ್ನೊಂದು ಭಾರ. ಇವತ್ತು ಇದೇ ತಂತ್ರಜ್ಞಾನ ಹೆಚ್ಚು ಉಪಯೋಗಕ್ಕೆ ಬಂದಿರುವುದು ಬೆನ್ನುಹುರಿಗೆ ಪೆಟ್ಟಾದವರನ್ನು, ಪಾರ್ಶ್ವವಾಯು ಹೊಡೆದವರನ್ನು ಮತ್ತೆ ನಡೆಸುವ ಆಸ್ಪತ್ರೆಗಳಲ್ಲಿ.

ನಮ್ಮ ಪಕ್ಕದ ಕೇರಳದಲ್ಲೂ ಒಂದು ಕವಚದ ಕಥೆ ಇದೆ. ಮಲಪ್ಪುರಂ ಜಿಲ್ಲೆಯ ಕುಟ್ಟಿಪ್ಪುರಂನಲ್ಲಿ ಮುಸ್ಲಿಂ ಎಜುಕೇಷನಲ್ ಸೊಸೈಟಿ ನಡೆಸುವ ಇಂಜಿನಿಯರಿಂಗ್ ಕಾಲೇಜಿದೆ. ಅಲ್ಲಿ ಓದುತ್ತಿದ್ದ ಕೆಲವು ಗೆಳೆಯರು ಪ್ರಾಜೆಕ್ಟಿಗಾಗಿ ಕಟ್ಟಿದ್ದು ಇಂಥದೇ ಒಂದು ಯಂತ್ರದುಡುಪು. ಅದೇ ಹೊತ್ತಿಗೆ, 2015ರ ನವೆಂಬರ್‌ನಲ್ಲಿ, ಕೋಝಿಕ್ಕೋಡ್‌ನಲ್ಲಿ ಮ್ಯಾನ್‌ಹೋಲ್‌ಗೆ ಇಳಿದ ಇಬ್ಬರು ಕಾರ್ಮಿಕರು ಒಳಗೆ ಸಿಕ್ಕಿಬಿದ್ದರು. ಅವರು ಆಂಧ್ರದವರು. ದಾರಿಯಲ್ಲಿದ್ದ ನೌಷಾದ್ ಎಂಬ ಆಟೊ ಚಾಲಕರು ಅವರನ್ನು ಎತ್ತಲು ಒಳಗಿಳಿದರು. ಮೂವರೂ ಸತ್ತರು. ಆ ವಿದ್ಯಾರ್ಥಿಗಳು ಮುಂದೆ ಜೆನ್‌ರೋಬೋಟಿಕ್ಸ್ ಎಂಬ ಕಂಪನಿ ಕಟ್ಟಿ, ಮನುಷ್ಯನ ಮೈಗೆ ತೊಡಿಸುವ ಯಂತ್ರದ ಬದಲು ಮನುಷ್ಯನ ಬದಲಿಗೆ ಗುಂಡಿಗಿಳಿಯುವ ಯಂತ್ರ ಮಾಡಿದರು. ಅದರ ಹೆಸರು ಬ್ಯಾಂಡಿಕೂಟ್, ಅಂದರೆ ಹೆಗ್ಗಣ. ಜೇಡದಂತೆ ಕಾಲು ಚಾಚಿ ಒಳಗಿಳಿದು ಹೂಳನ್ನು ಬಕೆಟ್ಟಿಗೆ ತುಂಬುತ್ತದೆ. ಕೆಲಸಗಾರ ಮೇಲೆ, ಗಾಳಿ ಬೆಳಕಿನಲ್ಲಿ ನಿಂತು, ಪರದೆ ನೋಡುತ್ತಾ ಅದನ್ನು ನಡೆಸುತ್ತಾನೆ. 2018ರಲ್ಲಿ ಅದು ತಿರುವನಂತಪುರದಲ್ಲಿ ಕೆಲಸಕ್ಕಿಳಿಯಿತು.

ಓದಬೇಕೆನ್ನುವವರಿಗೆ: ವೆಲ್ಸ್‌ನ ಪುಸ್ತಕದ ಕಾಪಿರೈಟ್ ಮುಗಿದಿದೆ, ಪ್ರಾಜೆಕ್ಟ್ ಗುಟೆನ್‌ಬರ್ಗ್‌ನಲ್ಲಿ ಪುಕ್ಕಟೆಯಾಗಿ ಸಿಗುತ್ತದೆ, ಅದರಿಂದಲೇ ಶುರು ಮಾಡಿ. ಹೈನ್‌ಲೈನ್‌ನನ್ನು ಓದುವಾಗ ಪಾಠ ಮಾಡುವ ಮೇಷ್ಟ್ರ ಭಾಷಣಗಳು ಬಂದಲ್ಲಿ ಬೇಸರಿಸಬೇಡಿ, ಅವುಗಳ ಜೊತೆ ಜಗಳವಾಡುತ್ತಾ ಓದಿದರೆ ರುಚಿ ಹೆಚ್ಚು. ‘ದ ಫಾರೆವರ್ ವಾರ್’ನ ಕೆಲವು ಪುಟಗಳು ದೊಡ್ಡವರಿಗೆಂದೇ ಬರೆದವು, ಇದನ್ನು ಮೊದಲೇ ಹೇಳಿಬಿಡುತ್ತೇನೆ. ಹಳೆ ಪುಸ್ತಕದ ಅಂಗಡಿಯಲ್ಲಿ ಕೊಂಡ ಅದರ ಒಂದು ಪ್ರತಿ ನನ್ನ ಬಳಿ ಇದೆ. ಬೆನ್ನು ಹರಿದಿದೆ, ಪುಟಗಳು ಪೂರ್ತಿ ಇವೆ. ಅಕೌಂಟೆನ್ಸಿ ಕಿರುಪರೀಕ್ಷೆ ಮುಗಿದ ಮೇಲೆ ಬಂದು ಕೇಳಿ, ಕೊಡುತ್ತೇನೆ. ಬಡ್ಡಿ ಬೇಡ.